ಮಕ್ಕಳ ಕ್ಯಾನ್ಸರ್‌ನಲ್ಲಿ ವೈರಸ್‌ಗಳ ಪಾತ್ರ

ಹುಟ್ಟಿನಿಂದ ಹರೆಯದವರೆಗಿನ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ (ಏಡಿಗಂತಿ) ಕೆಲವಕ್ಕೆ ವೈರಸ್ ಸೋಂಕು ನೇರವಾದ ಅಥವಾ ಪರೋಕ್ಷವಾದ ಕಾರಣವಾಗಿರುತ್ತದೆ. ಈ ಸಂಬಂಧವನ್ನೂ ಅದರ ಮಿತಿಯನ್ನೂ ಮಕ್ಕಳ ಕ್ಯಾನ್ಸರ್‌ನಲ್ಲಿ ವೈರಸ್‌ಗಳ ಪಾತ್ರ ಎಂಬ ವಿಷಯ ಒಳಗೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ 19 ವರ್ಷದೊಳಗಿನ ಸುಮಾರು 4 ಲಕ್ಷ ಮಂದಿಗೆ ಕ್ಯಾನ್ಸರ್ ತಗಲುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹೊರಗಿನ ಕಾರಣ ಯಾವುದೂ ಗೊತ್ತಾಗಿಲ್ಲ. ಗೊತ್ತಾಗಿರುವ ಕೆಲವೇ ಕಾರಣಗಳಲ್ಲಿ ಅನುವಂಶೀಯ ಜೀನ್ ದೋಷ, ವಿಕಿರಣ ಮತ್ತು ಸೋಂಕು ಮುಖ್ಯವಾದವು. ಎಪ್‌ಸ್ಟೀನ್-ಬಾರ್ ವೈರಸ್, ಹೆಪಟೈಟಿಸ್ ಬಿ ವೈರಸ್ ಮತ್ತು ಮಾನವ ಹರ್ಪಿಸ್ ವೈರಸ್-8 ಮಕ್ಕಳಲ್ಲಿ ಕ್ಯಾನ್ಸರ್ ತರಬಲ್ಲವೆಂದು ದೃಢಪಟ್ಟಿದೆ. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಕ್ಕೆ (ರಕ್ತಕ್ಯಾನ್ಸರ್‌ನ ಒಂದು ಬಗೆ) ಸೋಂಕಿನ ನಂಟು ಇರಬಹುದೆಂಬ ವಾದವಿದ್ದರೂ ಯಾವುದೇ ಒಂದು ವೈರಸ್ ಅದಕ್ಕೆ ಕಾರಣವೆಂದು ಸಿದ್ಧವಾಗಿಲ್ಲ.

ಸಂಶೋಧನೆಯ ಇತಿಹಾಸ

ವೈರಸ್‌ನಿಂದ ಕ್ಯಾನ್ಸರ್ ಬರಬಹುದೆಂಬ ತಿಳಿವಳಿಕೆ ಮೊದಲು ದೊರೆತದ್ದು ಪ್ರಾಣಿಗಳ ಅಧ್ಯಯನದಿಂದ. 1908ರಲ್ಲಿ ಡೆನ್ಮಾರ್ಕ್‌ನ ಎಲರ್‌ಮನ್ ಮತ್ತು ಬಾಂಗ್ ಕೋಳಿಗಳ ಲ್ಯುಕೇಮಿಯವನ್ನು, ಕೋಶಗಳನ್ನು ಸೋಸಿ ತೆಗೆದ ದ್ರವದ ಮೂಲಕ ಬೇರೆ ಕೋಳಿಗಳಿಗೆ ಹರಡಿಸಿ ತೋರಿಸಿದರು. 1911ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಪೇಟನ್ ರೌಸ್ ಕೋಳಿಯ ಮಾಂಸಗಂತಿಯ (ಸಾರ್ಕೋಮ) ವಿಷಯದಲ್ಲೂ ಇದನ್ನೇ ಸಾಧಿಸಿದರು. ಈ ಶೋಧಕ್ಕೆ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1966ರಲ್ಲಿ. 1951ರಲ್ಲಿ ಲುಡ್ವಿಕ್ ಗ್ರಾಸ್ ಇಲಿಗಳಲ್ಲಿ ಲ್ಯುಕೇಮಿಯ ತರುವ ವೈರಸ್ಸನ್ನು ವರದಿಮಾಡಿದರು. 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಬೆಕ್ಕಿನ ಲ್ಯುಕೇಮಿಯ ವೈರಸ್ಸನ್ನು ಕಂಡುಹಿಡಿದರು. ಸಸ್ತನಿಗಳಲ್ಲಿ ಇಂಥ ವೈರಸ್‌ಗಳು ಸಿಕ್ಕಿದ್ದರಿಂದ ಮಕ್ಕಳ ಲ್ಯುಕೇಮಿಯಕ್ಕೂ ವೈರಸ್ಸೇ ಕಾರಣವಿರಬೇಕೆಂಬ ಊಹೆ ಬಲವಾಯಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1964ರಲ್ಲಿ ಇದಕ್ಕೆಂದೇ ವಿಶೇಷ ಕಾರ್ಯಕ್ರಮ ಆರಂಭಿಸಿತಾದರೂ ಮಕ್ಕಳ ಲ್ಯುಕೇಮಿಯ ತರುವ ವೈರಸ್ ಅದರಿಂದ ಸಿಗಲಿಲ್ಲ.

ಮನುಷ್ಯರಲ್ಲಿ ಮೊದಲ ನಿದರ್ಶನ ದೊರೆತದ್ದು ಮಕ್ಕಳ ಕ್ಯಾನ್ಸರ್‌ನಲ್ಲಿಯೇ. ಉಗಾಂಡದ ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿದ್ದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1957ರಿಂದ ದವಡೆ ಊದಿಕೊಂಡ ಮಕ್ಕಳನ್ನು ಗಮನಿಸುತ್ತ ಬಂದರು. ಒಂದೇ ಮಗುವಿನಲ್ಲಿ ಎರಡೂ ದವಡೆಗಳು ಊದಿರುವುದು, ಹೊಟ್ಟೆಯಲ್ಲಿಯೂ ಗಂತಿಗಳಿರುವುದು ಕಂಡುಬಂತು. 1958ರಲ್ಲಿ ಅವರು ಇದನ್ನು ಪ್ರತ್ಯೇಕ ರೋಗವಾಗಿ ವರ್ಣಿಸಿದರು. ಅನಂತರ ಅದು ದುಗ್ಧರಸ ಕೋಶಗಳ ಕ್ಯಾನ್ಸರ್ (ಲಿಂಫೋಮ) ಎಂದು ಗೊತ್ತಾಯಿತು. 1961ರಲ್ಲಿ ಬರ್ಕಿಟ್ ಇಬ್ಬರು ಸಹೋದ್ಯೋಗಿಗಳೊಡನೆ ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಸುಮಾರು 10,000 ಮೈಲಿ ಸಂಚರಿಸಿ, ರೋಗವಿರುವ ಊರುಗಳನ್ನು ಭೂಪಟದಲ್ಲಿ ಗುರುತಿಸಿದರು. ಬಿಸಿಯೂ ಮಳೆಯೂ ಹೆಚ್ಚಿರುವ ತಗ್ಗು ಪ್ರದೇಶಗಳಲ್ಲಿ ಮಾತ್ರ ರೋಗ ಹರಡಿತ್ತು; ಎತ್ತರದ ತಂಪು ಸೀಮೆಗಳಲ್ಲಿ ಇರಲಿಲ್ಲ. ಸೊಳ್ಳೆಯಂಥ ಕೀಟದಿಂದ ಹರಡುವ ಸೋಂಕೊಂದು ಇದರ ಹಿಂದಿರಬೇಕೆಂಬ ಸಂಶಯಕ್ಕೆ ಈ ಭೂಪಟ ಆಧಾರವಾಯಿತು.

1961ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಬರ್ಕಿಟ್ ನೀಡಿದ ಉಪನ್ಯಾಸವನ್ನು ಕೇಳಿದ ಆಂಟನಿ ಎಪ್‌ಸ್ಟೀನ್, ಕಂಪಾಲದಿಂದ ಗಂತಿಯ ತುಣುಕುಗಳನ್ನು ವಿಮಾನದಲ್ಲಿ ತರಿಸಿಕೊಂಡು ಪರೀಕ್ಷಿಸತೊಡಗಿದರು. 1964ರಲ್ಲಿ ಎಪ್‌ಸ್ಟೀನ್, ಯವೋನ್ ಬಾರ್ ಮತ್ತು ಬರ್ಟ್ ಅಚಾಂಗ್ ಪ್ರಯೋಗಾಲಯದಲ್ಲಿ ಬೆಳೆಸಿದ ಗಂತಿಕೋಶಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಹರ್ಪಿಸ್ ಗುಂಪಿನ ಹೊಸ ವೈರಸ್ಸನ್ನು ಕಂಡರು. ಮಾನವ ಕ್ಯಾನ್ಸರ್‌ಗೆ ಸಂಬಂಧಿಸಿದಂತೆ ಪತ್ತೆಯಾದ ಮೊದಲ ವೈರಸ್ ಇದು. ಇದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ಎಂದು ಹೆಸರಾಯಿತು. ಫಿಲಡೆಲ್ಫಿಯದ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಗಳು ಇದರ ಪ್ರತಿಕಾಯಗಳನ್ನು ಅಳೆಯುವ ವಿಧಾನ ರೂಪಿಸಿ, ಹರೆಯದವರಲ್ಲಿ ಬರುವ ಗ್ರಂಥಿಜ್ವರಕ್ಕೂ ಇದೇ ವೈರಸ್ ಕಾರಣವೆಂದು 1968ರಲ್ಲಿ ತೋರಿಸಿದರು. ಉಗಾಂಡದ ವೆಸ್ಟ್ ನೈಲ್ ಜಿಲ್ಲೆಯಲ್ಲಿ ಸುಮಾರು 42,000 ಮಕ್ಕಳ ರಕ್ತವನ್ನು ಮುಂಚಿತವಾಗಿ ಸಂಗ್ರಹಿಸಿಟ್ಟು ನಡೆಸಿದ ಅಧ್ಯಯನದ ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ಮುಂದೆ ಬರ್ಕಿಟ್ ಲಿಂಫೋಮಕ್ಕೆ ತುತ್ತಾದ ಮಕ್ಕಳಲ್ಲಿ, ರೋಗ ಬರುವುದಕ್ಕೆ ಬಹು ಮೊದಲೇ ಈ ವೈರಸ್‌ನ ಪ್ರತಿಕಾಯಗಳು ಹೆಚ್ಚಿನ ಮಟ್ಟದಲ್ಲಿದ್ದುದು ಅದರಿಂದ ತಿಳಿಯಿತು.

ಕಾರಣವೆಂದು ನಿರ್ಧರಿಸುವ ಮಾನದಂಡಗಳು

ಗಂತಿಯಲ್ಲಿ ವೈರಸ್ ಸಿಕ್ಕಿದ ಮಾತ್ರಕ್ಕೆ ಅದು ಗಂತಿಗೆ ಕಾರಣವಾಗುವುದಿಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿದೆ. ಇವರಲ್ಲಿ ಕ್ಯಾನ್ಸರ್ ಬರುವುದು ಅತ್ಯಲ್ಪ ಮಂದಿಗೆ. ಇಂಥ ಸರ್ವವ್ಯಾಪಿ ವೈರಸ್‌ಗಳ ವಿಷಯದಲ್ಲಿ ಒಂದು ರೋಗಾಣುವಿಗೆ ಒಂದು ರೋಗ ಎಂಬ ಹಳೆಯ ನಿಯಮ ಸಾಲದು. ಆದ್ದರಿಂದ ಹಲವು ಬಗೆಯ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ತೀರ್ಮಾನಿಸಲಾಗುತ್ತದೆ:

1. ವೈರಸ್‌ನ ಡಿಎನ್‌ಎ ಅಥವಾ ಆರ್‌ಎನ್‌ಎ ಪಕ್ಕದ ಆರೋಗ್ಯವಂತ ಕೋಶಗಳಲ್ಲಿ ಮಾತ್ರವಲ್ಲದೆ ಗಂತಿಯ ಕೋಶಗಳಲ್ಲಿಯೇ ಇರಬೇಕು.
2. ಒಂದು ಗಂತಿಯ ಎಲ್ಲ ಕೋಶಗಳಲ್ಲೂ ವೈರಸ್ ಒಂದೇ ಮೂಲದ್ದಾಗಿರಬೇಕು. ಕೋಶ ಕ್ಯಾನ್ಸರ್‌ಗೆ ತಿರುಗುವ ಮುನ್ನವೇ ಸೋಂಕು ತಗಲಿತ್ತು ಎಂಬುದಕ್ಕೆ ಇದು ಪುರಾವೆ.
3. ವೈರಸ್‌ನ ಜೀನುಗಳು ಪ್ರಯೋಗಾಲಯದ ಕೋಶಗಳನ್ನು ಅಥವಾ ಪ್ರಾಣಿಗಳ ಕೋಶಗಳನ್ನು ಕ್ಯಾನ್ಸರ್‌ನತ್ತ ತಿರುಗಿಸಬೇಕು.
4. ಸೋಂಕು ರೋಗಕ್ಕಿಂತ ಮೊದಲು ಬಂದಿತ್ತೆಂದು ಜನಸಮುದಾಯದ ಅಧ್ಯಯನಗಳು ತೋರಿಸಬೇಕು.
5. ಸೋಂಕನ್ನು ತಡೆದಾಗ ರೋಗವೂ ಇಳಿಯಬೇಕು. ಇದು ಎಲ್ಲಕ್ಕಿಂತ ಪ್ರಬಲವಾದ ಸಾಕ್ಷ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಸಾಕ್ಷ್ಯಗಳನ್ನು ಪರಿಶೀಲಿಸಿ ಕ್ಯಾನ್ಸರ್‌ಕಾರಕಗಳನ್ನು ವರ್ಗೀಕರಿಸುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು (1994), ಮಾನವ ಪ್ಯಾಪಿಲೋಮ ವೈರಸ್‌ನ 16 ಮತ್ತು 18ನೆಯ ಬಗೆಗಳು (1995), ಎಚ್‌ಟಿಎಲ್‌ವಿ-1 ಮತ್ತು ಎಚ್‌ಐವಿ-1 (1996), ಎಪ್‌ಸ್ಟೀನ್-ಬಾರ್ ವೈರಸ್ (1997) ಹಾಗೂ ಮಾನವ ಹರ್ಪಿಸ್ ವೈರಸ್-8 (2009) ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾಗಿರುವ ಮೊದಲನೆಯ ಗುಂಪಿನಲ್ಲಿವೆ. ಇವುಗಳಲ್ಲಿ ಕೆಲವು ಮಾತ್ರ ಬಾಲ್ಯದಲ್ಲಿಯೇ ಕ್ಯಾನ್ಸರ್ ತರುತ್ತವೆ.

ವೈರಸ್‌ಗಳು ವರ್ತಿಸುವ ಬಗೆ

ನೇರ ಕ್ರಿಯೆ: ವೈರಸ್‌ನ ಜೀನುಗಳು ಸೋಂಕಿತ ಕೋಶದಲ್ಲಿ ಉಳಿದುಕೊಂಡು, ಕೋಶವಿಭಜನೆಗಿರುವ ಕಡಿವಾಣವನ್ನು ಸಡಿಲಿಸುತ್ತವೆ. ಪ್ಯಾಪಿಲೋಮ ವೈರಸ್‌ನ ಇ6 ಎಂಬ ಪ್ರೋಟೀನು ಪಿ53 ಎಂಬ ಗಂತಿನಿರೋಧಕ ಪ್ರೋಟೀನನ್ನೂ, ಇ7 ಎಂಬುದು ರೆಟಿನೋಬ್ಲಾಸ್ಟೋಮ ಪ್ರೋಟೀನನ್ನೂ ನಿಷ್ಕ್ರಿಯಗೊಳಿಸುತ್ತವೆ. ಎಪ್‌ಸ್ಟೀನ್-ಬಾರ್ ವೈರಸ್‌ನ ಎಲ್‌ಎಂಪಿ1 ಪ್ರೋಟೀನು ಬಿ-ಕೋಶಗಳಿಗೆ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳು) ಬೆಳೆಯುವ ಸಂಕೇತವನ್ನು ಎಡೆಬಿಡದೆ ಕೊಡುತ್ತದೆ.

ಜೀನ್‌ಗಳ ನಡುವೆ ಸೇರಿಕೊಳ್ಳುವುದು: ರೆಟ್ರೋವೈರಸ್‌ಗಳೂ ಹೆಪಟೈಟಿಸ್ ಬಿ ವೈರಸ್ಸೂ ತಮ್ಮ ಜೀನ್ ಸಾಮಗ್ರಿಯನ್ನು ಕೋಶದ ಡಿಎನ್‌ಎಗೆ ಸೇರಿಸಬಲ್ಲವು. ಸೇರಿದ ಜಾಗ ಕ್ಯಾನ್ಸರ್‌ಜನಕ ಜೀನಿನ ಪಕ್ಕದಲ್ಲಿದ್ದರೆ ಆ ಜೀನು ಮಿತಿಮೀರಿ ಸಕ್ರಿಯವಾಗುತ್ತದೆ.

ದೀರ್ಘಕಾಲದ ಉರಿಯೂತ: ವರ್ಷಗಟ್ಟಲೆ ನಡೆಯುವ ಸೋಂಕಿನಿಂದ ಅಂಗದ ಕೋಶಗಳು ಸತ್ತು ಮತ್ತೆ ಹುಟ್ಟುತ್ತಿರುವಾಗ ಜೀನ್ ದೋಷಗಳು ಶೇಖರವಾಗುತ್ತವೆ. ಹೆಪಟೈಟಿಸ್‌ನಿಂದ ಬರುವ ಯಕೃತ್ತಿನ ಕ್ಯಾನ್ಸರ್‌ಗೆ ಇದೊಂದು ಮುಖ್ಯ ಮಾರ್ಗ.

ರೋಗನಿರೋಧಕ ಶಕ್ತಿ ಕುಂದುವುದು: ಎಚ್‌ಐವಿ ತಾನಾಗಿ ಕೋಶವನ್ನು ಕ್ಯಾನ್ಸರ್‌ಗೆ ತಿರುಗಿಸುವುದಿಲ್ಲ. ಅದರಿಂದ ರೋಗನಿರೋಧಕ ವ್ಯವಸ್ಥೆಯ ಟಿ-ಕೋಶಗಳು ನಾಶವಾಗಿ, ಅವುಗಳ ಹತೋಟಿಯಲ್ಲಿದ್ದ ಬೇರೆ ವೈರಸ್‌ಗಳು ತಲೆಯೆತ್ತುತ್ತವೆ.

ಈ ನಾಲ್ಕರಲ್ಲಿ ಯಾವ ದಾರಿಯಾದರೂ ವೈರಸ್ ಒಂದೇ ಸಾಲದು. ಜೀನ್ ಬದಲಾವಣೆ, ಮತ್ತೊಂದು ಸೋಂಕು, ಪೌಷ್ಟಿಕತೆ, ರೋಗನಿರೋಧಕ ದೌರ್ಬಲ್ಯ ಇಂಥ ಸಹಕಾರಕಗಳು ಕೂಡಿದಾಗ ಮಾತ್ರ ಕ್ಯಾನ್ಸರ್ ಬೆಳೆಯುತ್ತದೆ.

ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಕ್ಯಾನ್ಸರ್‌ಗಳು

ಎಪ್‌ಸ್ಟೀನ್-ಬಾರ್ ವೈರಸ್ ಎರಡೆಳೆಯ ಡಿಎನ್‌ಎ ಇರುವ ಹರ್ಪಿಸ್ ವೈರಸ್. ಜೀನ್ ಸಾಮಗ್ರಿ ಸುಮಾರು 1,72,000 ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದವಿದೆ. ಜೊಲ್ಲಿನ ಮೂಲಕ ಹರಡಿ ಬಿ-ಕೋಶಗಳನ್ನು ಹೊಕ್ಕು, ಜೀವಮಾನವಿಡೀ ಸುಪ್ತವಾಗಿ ಉಳಿಯುತ್ತದೆ. ಬಡ ದೇಶಗಳಲ್ಲಿ ಹೆಚ್ಚಿನ ಮಕ್ಕಳಿಗೆ ಮೊದಲ ಮೂರು ವರ್ಷಗಳಲ್ಲಿಯೇ ಲಕ್ಷಣಗಳಿಲ್ಲದೆ ಸೋಂಕು ತಗಲಿಬಿಡುತ್ತದೆ.

ಬರ್ಕಿಟ್ ಲಿಂಫೋಮ: ಇದರಲ್ಲಿ ಮೂರು ಬಗೆಗಳಿವೆ. ಪ್ರಾದೇಶಿಕ ಬಗೆ ಸಮಭಾಜಕ ವೃತ್ತದ ಆಸುಪಾಸಿನ ಆಫ್ರಿಕ ಮತ್ತು ಪಪುವ ನ್ಯೂಗಿನಿಯಲ್ಲಿ, ಮುಖ್ಯವಾಗಿ 4ರಿಂದ 7 ವರ್ಷದ ಮಕ್ಕಳಲ್ಲಿ ಕಾಣುತ್ತದೆ, ಹುಡುಗರಲ್ಲಿ ಹೆಚ್ಚು. ಇಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಗಂತಿಗಳಲ್ಲಿ ವೈರಸ್ ಇರುತ್ತದೆ. ವಿರಳ ಬಗೆ ಜಗತ್ತಿನ ಉಳಿದೆಡೆಗಳಲ್ಲಿ ಕಾಣುವಂಥದು. ಹೊಟ್ಟೆಯ ಗಂತಿಯಾಗಿ ತೋರುವುದೇ ಹೆಚ್ಚು. ಯುರೋಪು ಮತ್ತು ಅಮೆರಿಕಗಳಲ್ಲಿ ಇಂಥ ಗಂತಿಗಳಲ್ಲಿ ವೈರಸ್ ಇರುವುದು ನೂರರಲ್ಲಿ 20ರಿಂದ 30ರಲ್ಲಿ ಮಾತ್ರ. ಮೂರನೆಯದು ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಬರುವ ಬಗೆ.

ಮೂರಕ್ಕೂ ಸಮಾನವಾದ ಲಕ್ಷಣ ಎಂವೈಸಿ ಎಂಬ ಜೀನಿನ ಸ್ಥಾನಾಂತರ. 8ನೆಯ ವರ್ಣತಂತುವಿನಲ್ಲಿರುವ ಈ ಜೀನು ಸಾಮಾನ್ಯವಾಗಿ 14ನೆಯ, ಕೆಲವೊಮ್ಮೆ 2ನೆಯ ಅಥವಾ 22ನೆಯ ವರ್ಣತಂತುವಿನಲ್ಲಿ ಪ್ರತಿಕಾಯ ತಯಾರಿಸುವ ಜೀನಿನ ಪಕ್ಕ ಹೋಗಿ ಸೇರುತ್ತದೆ. ಬಿ-ಕೋಶದಲ್ಲಿ ಪ್ರತಿಕಾಯದ ಜೀನು ಸದಾ ಚುರುಕಾಗಿರುವುದರಿಂದ ಎಂವೈಸಿಯೂ ಬಿಡುವಿಲ್ಲದೆ ಕೆಲಸಮಾಡಿ ಕೋಶವನ್ನು ವಿಭಜಿಸುತ್ತ ಹೋಗುತ್ತದೆ. ಇಷ್ಟು ವೇಗವಾಗಿ ಬೆಳೆಯುವ ಗಂತಿಗಳು ಮನುಷ್ಯರಲ್ಲಿ ಬೇರೆ ಬಹಳ ಕಡಮೆ. ಒಂದೆರಡು ದಿನಗಳಲ್ಲಿಯೇ ಇದರ ಗಾತ್ರ ಇಮ್ಮಡಿಯಾಗಬಲ್ಲದು.

ಬರ್ಕಿಟ್‌ರ ಭೂಪಟಕ್ಕೆ ವಿವರಣೆ ಮಲೇರಿಯದಲ್ಲಿ ದೊರೆಯಿತು. ಎಪ್‌ಸ್ಟೀನ್-ಬಾರ್ ಜಗತ್ತಿನಲ್ಲೆಲ್ಲ ಇದ್ದರೂ ಪ್ರಾದೇಶಿಕ ಬಗೆಯ ರೋಗ, ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಮಲೇರಿಯ ವರ್ಷವಿಡೀ ತೀವ್ರವಾಗಿ ಹರಡುವಲ್ಲಿ ಮಾತ್ರ ಇದೆ. ಮಲೇರಿಯ ಪರಾವಲಂಬಿ ಬಿ-ಕೋಶಗಳನ್ನು ಪದೇ ಪದೇ ಪ್ರಚೋದಿಸಿ, ವೈರಸ್ ಹೊತ್ತ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಪ್ರತಿಕಾಯದ ಜೀನುಗಳನ್ನು ಕತ್ತರಿಸಿ ಜೋಡಿಸುವ ಎಐಡಿ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ವೈರಸ್ಸನ್ನು ಹತೋಟಿಯಲ್ಲಿಡುವ ಟಿ-ಕೋಶಗಳನ್ನು ಬಲಗುಂದಿಸುತ್ತದೆ. ಎಂವೈಸಿ ಸ್ಥಾನಾಂತರಕ್ಕೆ ಎಐಡಿ ಕಿಣ್ವದ ತಪ್ಪು ಕತ್ತರಿಸುವಿಕೆಯೇ ಕಾರಣವೆಂದು ತಿಳಿಯಲಾಗಿದೆ. ಮಲೇರಿಯ ತೀವ್ರವಾಗಿರುವ ಪ್ರದೇಶಗಳಲ್ಲಿ ಅದರ ಸೋಂಕು ಬಹುಶಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ತೀರ್ಮಾನಿಸಿತು.

ಹಾಜ್ಕಿನ್ ಲಿಂಫೋಮ: ಕುತ್ತಿಗೆಯ ಗ್ರಂಥಿಗಳು ನೋವಿಲ್ಲದೆ ಊದಿಕೊಳ್ಳುವುದು ಇದರ ಸಾಮಾನ್ಯ ಲಕ್ಷಣ. ಗಂತಿಯ ರೀಡ್-ಸ್ಟರ್ನ್‌ಬರ್ಗ್ ಎಂಬ ದೊಡ್ಡ ಕೋಶಗಳಲ್ಲಿ ವೈರಸ್ ಇರಬಹುದು. ಸಿರಿವಂತ ದೇಶಗಳ ತರುಣರಿಗಿಂತ ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಚಿಕ್ಕ ಮಕ್ಕಳಲ್ಲಿ ವೈರಸ್ ಸಹಿತವಾದ ರೋಗದ ಪ್ರಮಾಣ ಹೆಚ್ಚು. ಭಾರತದ ಮಕ್ಕಳ ಹಾಜ್ಕಿನ್ ಗಂತಿಗಳಲ್ಲಿ ಬಹುಪಾಲು ವೈರಸ್ ಇರುವಂಥವೇ.

ನಾಸಾಗಂಟಲಿನ ಕ್ಯಾನ್ಸರ್: ಮೂಗಿನ ಹಿಂಭಾಗ ಗಂಟಲನ್ನು ಕೂಡುವ ಜಾಗದ ಈ ಕ್ಯಾನ್ಸರ್ ಮಕ್ಕಳಲ್ಲಿ ಅಪರೂಪ. ದಕ್ಷಿಣ ಚೀನದಲ್ಲಿ ವಯಸ್ಕರ ರೋಗವಾಗಿದ್ದರೆ, ಟ್ಯುನೀಸಿಯ ಮೊದಲಾದ ಉತ್ತರ ಆಫ್ರಿಕದ ದೇಶಗಳಲ್ಲಿ ಹದಿಹರೆಯದವರಲ್ಲಿಯೂ ಎದ್ದುಕಾಣುತ್ತದೆ. ಮಕ್ಕಳಲ್ಲಿ ಬರುವ ಈ ಗಂತಿಗಳಲ್ಲಿ ಬಹುತೇಕ ಎಲ್ಲವೂ ವೈರಸ್ ಹೊಂದಿರುತ್ತವೆ.

ಅಂಗ ಕಸಿಯ ಅನಂತರದ ದುಗ್ಧಕೋಶ ವೃದ್ಧಿ: ಮೂತ್ರಪಿಂಡ, ಯಕೃತ್ತು, ಅಸ್ಥಿಮಜ್ಜೆ ಮುಂತಾದವುಗಳ ಕಸಿಯಾದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡಬೇಕಾಗುತ್ತದೆ. ಅದುವರೆಗೆ ಸೋಂಕು ತಗಲಿರದ ಮಗುವಿಗೆ, ಸೋಂಕಿದ್ದ ದಾನಿಯ ಅಂಗದಿಂದ ಮೊದಲ ಸಲ ವೈರಸ್ ಬಂದಾಗ ಬಿ-ಕೋಶಗಳು ತಡೆಯಿಲ್ಲದೆ ಹೆಚ್ಚುತ್ತವೆ. ವಯಸ್ಕರಿಗಿಂತ ಮಕ್ಕಳಲ್ಲಿ ಈ ತೊಂದರೆ ಹೆಚ್ಚಾಗಿರುವುದಕ್ಕೆ ಇದೇ ಕಾರಣ. ಔಷಧದ ಪ್ರಮಾಣ ಇಳಿಸಿದರೆ ಕೆಲವು ಗಂತಿಗಳು ತಾವಾಗಿಯೇ ಕರಗುತ್ತವೆ.

ಹುಟ್ಟಿನಿಂದಲೇ ರೋಗನಿರೋಧಕ ದೋಷವಿರುವ ಮಕ್ಕಳಲ್ಲಿಯೂ ಅಪಾಯ ಹೆಚ್ಚು. ಡೇವಿಡ್ ಪರ್ಟಿಲೊ 1975ರಲ್ಲಿ ವರ್ಣಿಸಿದ ಎಕ್ಸ್-ವರ್ಣತಂತು ಸಂಬಂಧಿ ದುಗ್ಧಕೋಶ ವೃದ್ಧಿರೋಗದಲ್ಲಿ ಗಂಡುಮಕ್ಕಳು ಈ ವೈರಸ್ಸನ್ನು ಎದುರಿಸಲಾರದೆ ಮಾರಕ ಗ್ರಂಥಿಜ್ವರಕ್ಕೋ ಲಿಂಫೋಮಕ್ಕೋ ತುತ್ತಾಗುತ್ತಾರೆ. ಇದಕ್ಕೆ ಕಾರಣವಾದ ಜೀನು 1998ರಲ್ಲಿ ಪತ್ತೆಯಾಯಿತು. ಎಚ್‌ಐವಿ ಸೋಂಕಿತ ಮಕ್ಕಳಲ್ಲಿ ನುಣುಪು ಸ್ನಾಯುವಿನ ಗಂತಿಗಳೂ ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುತ್ತವೆ.

ಹೆಪಟೈಟಿಸ್ ಬಿ ಮತ್ತು ಯಕೃತ್ತಿನ ಕ್ಯಾನ್ಸರ್

ಮಕ್ಕಳ ಯಕೃತ್ತಿನಲ್ಲಿ ಮುಖ್ಯವಾಗಿ ಎರಡು ಬಗೆಯ ಕ್ಯಾನ್ಸರ್ ಬರುತ್ತದೆ. ಮೂರು ವರ್ಷದೊಳಗಿನವರಲ್ಲಿ ಹೆಚ್ಚಾಗಿ ಕಾಣುವ ಹೆಪಟೋಬ್ಲಾಸ್ಟೋಮಕ್ಕೂ ವೈರಸ್‌ಗೂ ಸಂಬಂಧವಿಲ್ಲ. ದೊಡ್ಡ ಮಕ್ಕಳಲ್ಲಿ ಬರುವ ಯಕೃತ್ಕೋಶ ಕ್ಯಾನ್ಸರ್‌ಗೆ ಹೆಪಟೈಟಿಸ್ ಬಿ ಹೆಚ್ಚಿರುವ ಪ್ರದೇಶಗಳಲ್ಲಿ ಆ ವೈರಸ್ಸೇ ಪ್ರಧಾನ ಕಾರಣ. ಹೆಪಟೈಟಿಸ್ ಬಿ ಪತ್ತೆಗೆ ದಾರಿಯಾದ ಆಸ್ಟ್ರೇಲಿಯ ಪ್ರತಿಜನಕವನ್ನು ಬರೂಕ್ ಬ್ಲುಂಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಪಡಿಸಿದರು. ಬ್ಲುಂಬರ್ಗ್‌ಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸೋಂಕು ತಗಲುವ ವಯಸ್ಸು ಇಲ್ಲಿ ನಿರ್ಣಾಯಕ. ಹೆರಿಗೆಯ ವೇಳೆ ತಾಯಿಯಿಂದ ಅಥವಾ ಮೊದಲ ವರ್ಷದಲ್ಲಿ ಇತರರಿಂದ ಸೋಂಕು ಪಡೆದ ಶಿಶುಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ದೀರ್ಘಕಾಲದ ವಾಹಕರಾಗುತ್ತಾರೆ. ವಯಸ್ಕರಾಗಿ ಸೋಂಕು ಪಡೆದವರಲ್ಲಿ ಈ ಪ್ರಮಾಣ ನೂರಕ್ಕೆ 5ಕ್ಕಿಂತ ಕಡಮೆ. ತೈವಾನ್ 1984ರ ಜುಲೈಯಲ್ಲಿ ವಾಹಕ ತಾಯಂದಿರ ಶಿಶುಗಳಿಗೆ ಲಸಿಕೆ ಆರಂಭಿಸಿ, ಎರಡು ವರ್ಷಗಳ ಅನಂತರ ಎಲ್ಲ ನವಜಾತ ಶಿಶುಗಳಿಗೂ ವಿಸ್ತರಿಸಿತು. 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್‌ನ ವಾರ್ಷಿಕ ಪ್ರಮಾಣ 1981-86ರಲ್ಲಿ ಲಕ್ಷಕ್ಕೆ 0.70 ಇದ್ದುದು 1990-94ರಲ್ಲಿ 0.36ಕ್ಕೆ ಇಳಿಯಿತು. ಚಾಂಗ್ ಮೈ-ಹ್ವೇ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಈ ಫಲಿತಾಂಶ, ಲಸಿಕೆಯಿಂದ ಮಾನವ ಕ್ಯಾನ್ಸರ್ ತಡೆಯಬಹುದೆಂಬುದಕ್ಕೆ ಮೊದಲ ಪುರಾವೆ ಒದಗಿಸಿತು.

ಇತರ ದೃಢಪಟ್ಟ ವೈರಸ್‌ಗಳು

ಮಾನವ ಹರ್ಪಿಸ್ ವೈರಸ್-8: ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ 1994ರಲ್ಲಿ ಕಂಡುಹಿಡಿದ ಈ ವೈರಸ್ ಕಪೋಸಿ ಸಾರ್ಕೋಮ ಎಂಬ ಕ್ಯಾನ್ಸರ್‌ಗೆ ಕಾರಣ. ಪೂರ್ವ ಮತ್ತು ಮಧ್ಯ ಆಫ್ರಿಕದಲ್ಲಿ ಈ ರೋಗ ಏಡ್ಸ್‌ಗಿಂತ ಮೊದಲೇ ಮಕ್ಕಳಲ್ಲಿತ್ತು. ಏಡ್ಸ್ ಹರಡಿದ ಮೇಲೆ ಬಹಳವಾಗಿ ಹೆಚ್ಚಿತು. ವಯಸ್ಕರಲ್ಲಿ ಚರ್ಮದ ಮೇಲೆ ಕಾಣುವ ರೋಗ, ಮಕ್ಕಳಲ್ಲಿ ಗ್ರಂಥಿಗಳ ಊತವಾಗಿ ತೋರುವುದು ಸಾಮಾನ್ಯ.

ಬಾಲ್ಯದ ಸೋಂಕು, ವಯಸ್ಕರ ಕ್ಯಾನ್ಸರ್: ಎಚ್‌ಟಿಎಲ್‌ವಿ-1 ಎಂಬ ರೆಟ್ರೋವೈರಸ್ ಮುಖ್ಯವಾಗಿ ಎದೆಹಾಲಿನಿಂದ ಶಿಶುವಿಗೆ ದಾಟುತ್ತದೆ, ಅದರಿಂದ ಬರುವ ಟಿ-ಕೋಶ ಲ್ಯುಕೇಮಿಯ ತೋರುವುದು ಹಲವು ದಶಕಗಳ ಅನಂತರ. ಜಪಾನಿನ ನಾಗಸಾಕಿ ಪ್ರಾಂತದಲ್ಲಿ 1987ರಿಂದ ಗರ್ಭಿಣಿಯರ ರಕ್ತಪರೀಕ್ಷೆ ನಡೆಸಿ, ಸೋಂಕಿದ್ದವರಿಗೆ ಎದೆಹಾಲು ನೀಡದಂತೆ ಸಲಹೆ ಕೊಡಲಾಗುತ್ತಿದೆ. ಮಾನವ ಪ್ಯಾಪಿಲೋಮ ವೈರಸ್‌ನ 6 ಮತ್ತು 11ನೆಯ ಬಗೆಗಳು ಹೆರಿಗೆಯ ವೇಳೆ ಮಗುವಿನ ಗಂಟಲಿಗೆ ತಗಲಿ ಧ್ವನಿಪೆಟ್ಟಿಗೆಯಲ್ಲಿ ಮರುಕಳಿಸುವ ನರೂಲಿಗಳನ್ನು ತರುತ್ತವೆ. ಇವು ಕ್ಯಾನ್ಸರ್‌ಗೆ ತಿರುಗುವುದು ತೀರ ಅಪರೂಪ. ಗರ್ಭಕಂಠದ ಕ್ಯಾನ್ಸರ್ ತರುವ 16 ಮತ್ತು 18ನೆಯ ಬಗೆಗಳ ವಿರುದ್ಧದ ಲಸಿಕೆಯನ್ನು 9ರಿಂದ 14 ವರ್ಷದ ಹುಡುಗಿಯರಿಗೆ ಕೊಡುವುದು ಮುಂದಿನ ರೋಗವನ್ನು ತಡೆಯುವ ಸಲುವಾಗಿ.

ಸಿದ್ಧವಾಗದ ಸಂಬಂಧಗಳು

ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ: ಮಕ್ಕಳ ಕ್ಯಾನ್ಸರ್‌ಗಳಲ್ಲಿ ಸುಮಾರು ಕಾಲುಭಾಗ ಈ ರೋಗದ್ದು, 2ರಿಂದ 5ರ ವಯಸ್ಸಿನಲ್ಲಿ ಹೆಚ್ಚು. ಇದರ ಕುರಿತು 1988ರಲ್ಲಿ ಬ್ರಿಟನ್ನಿನಲ್ಲಿ ಎರಡು ಸಿದ್ಧಾಂತಗಳು ಬಂದವು. ಸೆಲಾಫೀಲ್ಡ್ ಪರಮಾಣು ಘಟಕದ ಬಳಿಯ ಸೀಸ್ಕೇಲ್ ಹಳ್ಳಿಯಲ್ಲಿ ಮಕ್ಕಳ ಲ್ಯುಕೇಮಿಯ ಹೆಚ್ಚಿರುವುದಕ್ಕೆ ವಿಕಿರಣಕ್ಕಿಂತ ಜನರ ಬೆರಕೆ ಕಾರಣವಿರಬಹುದೆಂದು ಲಿಯೊ ಕಿನ್ಲೆನ್ ಸೂಚಿಸಿದರು. ಹೊರಗಿನವರು ದೊಡ್ಡ ಸಂಖ್ಯೆಯಲ್ಲಿ ಒಂಟಿ ಊರಿಗೆ ಬಂದಾಗ ಅಲ್ಲಿಯವರಿಗೆ ಪರಿಚಯವಿಲ್ಲದ ಸೋಂಕೊಂದು ಹರಡುತ್ತದೆ, ಲ್ಯುಕೇಮಿಯ ಅದರ ವಿರಳ ಪರಿಣಾಮ ಎಂಬುದು ಅವರ ವಾದ. ಸ್ಕಾಟ್ಲೆಂಡಿನ ಗ್ಲೆನ್‌ರಾಥಸ್ ಎಂಬ ಹೊಸ ಪಟ್ಟಣದ ಅಂಕಿ ಅಂಶಗಳಿಂದ ಅವರು ಇದನ್ನು ಪರೀಕ್ಷಿಸಿದರು.

ಮೆಲ್ ಗ್ರೀವ್ಸ್ ಮಂಡಿಸಿದ್ದು ತಡವಾದ ಸೋಂಕಿನ ಸಿದ್ಧಾಂತ. ಇದರಂತೆ ರೋಗ ಎರಡು ಹೆಜ್ಜೆಗಳಲ್ಲಿ ಬರುತ್ತದೆ. ಮೊದಲನೆಯದು ಗರ್ಭದಲ್ಲಿಯೇ ಆಗುವ ಜೀನ್ ಬೆಸುಗೆ. ಇಟಿವಿ6 ಮತ್ತು ಆರ್‌ಯುಎನ್‌ಎಕ್ಸ್1 ಎಂಬ ಜೀನುಗಳ ಬೆಸುಗೆ ಇದಕ್ಕೆ ಪ್ರಸಿದ್ಧ ಉದಾಹರಣೆ. ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದಿಟ್ಟ ರಕ್ತದ ಚುಕ್ಕೆಗಳಲ್ಲಿಯೂ ಇದು ಸಿಕ್ಕಿದೆ. ಈ ಬೆಸುಗೆ ಇರುವ ಶಿಶುಗಳು ನೂರಕ್ಕೆ ಒಂದರಿಂದ ಐದರಷ್ಟೆಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ; ಅವರಲ್ಲಿ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ಎರಡನೆಯ ಹೆಜ್ಜೆಗೆ ಸಾಮಾನ್ಯ ಸೋಂಕೊಂದು ಕಾರಣವಾಗುತ್ತದೆ. ಮೊದಲ ವರ್ಷದಲ್ಲಿ ಸೋಂಕುಗಳ ಪರಿಚಯವಾಗದೆ ಬೆಳೆದ ಮಗುವಿನ ರೋಗನಿರೋಧಕ ವ್ಯವಸ್ಥೆ, ಮುಂದೆ ಬರುವ ಸೋಂಕಿಗೆ ಅತಿಯಾಗಿ ಪ್ರತಿಕ್ರಿಯಿಸಿ ಹೊಸ ಜೀನ್ ದೋಷಗಳಿಗೆ ಎಡೆಮಾಡುತ್ತದೆ. ಮೊದಲ ವರ್ಷದಲ್ಲಿಯೇ ಶಿಶುವಿಹಾರದಲ್ಲಿ ಇತರ ಮಕ್ಕಳೊಡನೆ ಬೆರೆತವರಲ್ಲಿ ರೋಗ ಕಡಮೆ ಎಂದು 2005ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನ ಕಂಡುಕೊಂಡದ್ದು ಈ ವಾದಕ್ಕೆ ಪೂರಕ. ಗ್ರೀವ್ಸ್‌ರ ಸಿದ್ಧಾಂತದಲ್ಲಿ ಇಂಥದೇ ವೈರಸ್ ಬೇಕೆಂದಿಲ್ಲ. ಸೋಂಕು ಬರುವ ಕಾಲ ಮುಖ್ಯ.

ಲ್ಯುಕೇಮಿಯ ಕೋಶಗಳ ಸಂಪೂರ್ಣ ಜೀನ್ ಸಾಮಗ್ರಿಯನ್ನು ಓದಿದ ಅಧ್ಯಯನಗಳಲ್ಲಿ ಎಲ್ಲರಲ್ಲೂ ಸಮಾನವಾಗಿ ಕಾಣುವ ವೈರಸ್ ಸಿಕ್ಕಿಲ್ಲ. ಹುಟ್ಟುವಾಗಲೇ ಸೈಟೋಮೆಗಲೋ ವೈರಸ್ ಸೋಂಕಿದ್ದ ಮಕ್ಕಳಲ್ಲಿ ಈ ರೋಗ ಹೆಚ್ಚಿರಬಹುದೆಂದು ಕ್ಯಾಲಿಫೋರ್ನಿಯದ 2017ರ ಅಧ್ಯಯನವೊಂದು ಸೂಚಿಸಿದೆ. ಇದನ್ನು ಕಾರಣವೆಂದು ಅಂಗೀಕರಿಸಿಲ್ಲ.

ಎಸ್‌ವಿ40: ಕೋತಿಗಳ ಈ ವೈರಸ್, ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ತಯಾರಿಸಿದ ಪೋಲಿಯೊ ಲಸಿಕೆಯಲ್ಲಿ ಬೆರೆತುಹೋಗಿತ್ತೆಂದು 1960ರಲ್ಲಿ ಗೊತ್ತಾಯಿತು. ಅಮೆರಿಕದಲ್ಲಿ 1955ರಿಂದ 1963ರವರೆಗೆ ಬಹಳ ಮಂದಿ ಇಂಥ ಲಸಿಕೆ ಪಡೆದಿದ್ದರು. ಮರಿ ಹ್ಯಾಮ್‌ಸ್ಟರ್‌ಗಳಲ್ಲಿ ಇದು ಗಂತಿ ತರುತ್ತದೆ. 1992ರಲ್ಲಿ ಮಕ್ಕಳ ಕೆಲವು ಮಿದುಳಿನ ಗಂತಿಗಳಲ್ಲಿ ಇದರ ಡಿಎನ್‌ಎ ಸಿಕ್ಕಿತೆಂಬ ವರದಿ ಬಂತು. ಆದರೆ ಲಸಿಕೆ ಪಡೆದ ತಲೆಮಾರಿನಲ್ಲಿ ಕ್ಯಾನ್ಸರ್ ಹೆಚ್ಚಲಿಲ್ಲ. ಪ್ರಯೋಗಾಲಯದ ಕಲಬೆರಕೆಯೂ ತಪ್ಪು ಫಲಿತಾಂಶ ಕೊಡಬಲ್ಲದೆಂದು ತಿಳಿಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ವರ್ಗೀಕರಿಸಲಾಗದ ಗುಂಪಿನಲ್ಲಿ ಇಟ್ಟಿದೆ.

ಇತರ ಗಂತಿಗಳು: ನರಕೋಶದ ನ್ಯೂರೋಬ್ಲಾಸ್ಟೋಮಕ್ಕೆ ಬಿಕೆ ವೈರಸ್, ಕಣ್ಣಿನ ರೆಟಿನೋಬ್ಲಾಸ್ಟೋಮಕ್ಕೆ ಪ್ಯಾಪಿಲೋಮ ವೈರಸ್ ಕಾರಣವಿರಬಹುದೆಂಬ ವರದಿಗಳಿವೆ, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ರೆಟಿನೋಬ್ಲಾಸ್ಟೋಮಕ್ಕೆ ಆರ್‌ಬಿ1 ಜೀನಿನ ಎರಡೂ ಪ್ರತಿಗಳು ಕೆಡುವುದೇ ಮುಖ್ಯ ಕಾರಣ.

ರೋಗನಿದಾನ ಮತ್ತು ಚಿಕಿತ್ಸೆಯಲ್ಲಿ ಉಪಯೋಗ

ಗಂತಿಯಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ ಇದೆಯೇ ಎಂದು ತಿಳಿಯಲು ಅದರ ಇಬರ್ ಎಂಬ ಚಿಕ್ಕ ಆರ್‌ಎನ್‌ಎಗಳಿಗೆ ಬಣ್ಣ ಹಾಯಿಸಿ ನೋಡುತ್ತಾರೆ. ಕಸಿಯಾದ ಮಕ್ಕಳ ರಕ್ತದಲ್ಲಿ ವೈರಸ್ ಡಿಎನ್‌ಎ ಪ್ರಮಾಣವನ್ನು ಆಗಾಗ ಅಳೆದು, ಗಂತಿ ತೋರುವ ಮೊದಲೇ ಎಚ್ಚರ ವಹಿಸುವುದು ರೂಢಿಯಲ್ಲಿದೆ. ನಾಸಾಗಂಟಲಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆಯ ಫಲವನ್ನು ತಿಳಿಯಲು ಇದೇ ಪರೀಕ್ಷೆ ನೆರವಾಗುತ್ತದೆ.

ಬರ್ಕಿಟ್ ಲಿಂಫೋಮ ಔಷಧಗಳಿಗೆ ಬೇಗ ಮಣಿಯುವ ಕ್ಯಾನ್ಸರ್. ಸಿರಿವಂತ ದೇಶಗಳಲ್ಲಿ ಅಲ್ಪಾವಧಿಯ ತೀವ್ರ ಕೀಮೋಥೆರಪಿಯಿಂದ ನೂರಕ್ಕೆ 90ರಷ್ಟು ಮಕ್ಕಳು ಗುಣವಾಗುತ್ತಾರೆ. ತೀವ್ರ ಹಂತದ ರೋಗಕ್ಕೆ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನೂ ಸೇರಿಸಿದಾಗ ಮೂರು ವರ್ಷ ರೋಗ ಮರುಕಳಿಸದೆ ಉಳಿದವರ ಪ್ರಮಾಣ ಶೇ. 82.3ರಿಂದ ಶೇ. 93.9ಕ್ಕೆ ಏರಿತೆಂದು 2020ರಲ್ಲಿ ವರದಿಯಾಯಿತು. ಕಸಿಯ ಅನಂತರದ ಗಂತಿಗಳಿಗೆ, ಈ ವೈರಸ್ಸನ್ನು ಗುರುತಿಸಬಲ್ಲ ದಾನಿಯ ಟಿ-ಕೋಶಗಳನ್ನು ಕೊಡುವ ಚಿಕಿತ್ಸೆಯಿದೆ. ಟ್ಯಾಬ್‌ಎಲೆಕ್ಲ್ಯೂಸೆಲ್ ಎಂಬ ಇಂಥ ಕೋಶಗಳಿಗೆ ಯುರೋಪಿನಲ್ಲಿ 2022ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿತು.

ವೈರಸ್‌ಗಳನ್ನು ಚಿಕಿತ್ಸೆಯ ಸಾಧನವಾಗಿಯೂ ಬಳಸುತ್ತಾರೆ. ಲ್ಯುಕೇಮಿಯಕ್ಕೆ ಕೊಡುವ ಕಾರ್-ಟಿ ಕೋಶಗಳಿಗೆ (ಕ್ಯಾನ್ಸರ್ ಕೋಶಗಳನ್ನು ಗುರುತಿಸುವಂತೆ ಮಾರ್ಪಡಿಸಿದ ಟಿ-ಕೋಶಗಳು) ಬೇಕಾದ ಜೀನನ್ನು ಸಾಗಿಸುವುದು ಹೆಚ್ಚಾಗಿ ನಿರಪಾಯಗೊಳಿಸಿದ ಲೆಂಟಿವೈರಸ್. ಗಂತಿಕೋಶಗಳನ್ನೇ ಕೊಲ್ಲುವಂತೆ ಮಾರ್ಪಡಿಸಿದ ಜಿ207 ಎಂಬ ಹರ್ಪಿಸ್ ವೈರಸ್ಸನ್ನು ಮಕ್ಕಳ ಮಿದುಳಿನ ಗಂತಿಯಲ್ಲಿ ಪ್ರಯೋಗಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಗಿದೆ. ಇಂಥ ಬಳಕೆಯಲ್ಲಿ ಅಪಾಯವೂ ಇದೆ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳಿಗೆ ರೆಟ್ರೋವೈರಸ್ ಮೂಲಕ ಜೀನ್ ಚಿಕಿತ್ಸೆ ನೀಡಿದ ಪ್ಯಾರಿಸ್ ಮತ್ತು ಲಂಡನ್ ಪ್ರಯೋಗಗಳಲ್ಲಿ 20 ಮಕ್ಕಳ ಪೈಕಿ ಕನಿಷ್ಠ 5 ಮಂದಿಗೆ ಟಿ-ಕೋಶ ಲ್ಯುಕೇಮಿಯ ಬಂತು. ವೈರಸ್ ಎಲ್‌ಎಂಒ2 ಮುಂತಾದ ಕ್ಯಾನ್ಸರ್‌ಜನಕ ಜೀನಿನ ಪಕ್ಕ ಸೇರಿಕೊಂಡದ್ದು ಇದಕ್ಕೆ ಕಾರಣ. ಮಿದುಳಿನ ಅಡ್ರಿನೋಲ್ಯೂಕೋಡಿಸ್ಟ್ರೊಫಿ ಎಂಬ ಅನುವಂಶೀಯ ರೋಗಕ್ಕೆ ಲೆಂಟಿವೈರಸ್ ಆಧಾರಿತ ಜೀನ್ ಚಿಕಿತ್ಸೆ ಪಡೆದ 67 ಹುಡುಗರಲ್ಲಿ 7 ಮಂದಿಗೆ ರಕ್ತದ ಕ್ಯಾನ್ಸರ್ ಬಂದದ್ದು 2024ರಲ್ಲಿ ವರದಿಯಾಯಿತು.

ಭಾರತದಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರು, ಮುಂಬಯಿ ಮತ್ತು ಚೆನ್ನೈಗಳಲ್ಲಿ 1982ರಿಂದ ಜನಸಂಖ್ಯಾಧಾರಿತ ನೋಂದಣಿ ನಡೆಯುತ್ತಿದೆ. ಬೆಂಗಳೂರಿನದು ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಲ್ಲಿದೆ. ಇತರ ವಯಸ್ಸಿನವರಂತೆ ಮಕ್ಕಳ ಕ್ಯಾನ್ಸರ್‌ನ ಅಂಕಿ ಅಂಶಗಳೂ ಇಂಥ ನೋಂದಣಿಗಳಿಂದ ಸಿಗುತ್ತವೆ. ಭಾರತದಲ್ಲಿ ಬರ್ಕಿಟ್ ಲಿಂಫೋಮ ಆಫ್ರಿಕದಂತೆ ಪ್ರಾದೇಶಿಕ ಸ್ವರೂಪದ್ದಲ್ಲ. ಹೆಪಟೈಟಿಸ್ ಬಿ ಲಸಿಕೆ 2002ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಆರಂಭವಾಗಿ, 2011ರಲ್ಲಿ ದೇಶದ ಎಲ್ಲೆಡೆ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಹುಟ್ಟಿದ 24 ಗಂಟೆಗಳೊಳಗೆ ಮೊದಲ ಡೋಸ್, ಅನಂತರ 6, 10 ಮತ್ತು 14ನೆಯ ವಾರಗಳಲ್ಲಿ ಪಂಚಸಂಯುಕ್ತ (ಪೆಂಟಾವೇಲೆಂಟ್) ಲಸಿಕೆಯ ಭಾಗವಾಗಿ ಕೊಡಲಾಗುತ್ತದೆ. ಪ್ಯಾಪಿಲೋಮ ವೈರಸ್ ಲಸಿಕೆಯನ್ನು ಸಿಕ್ಕಿಂ 2018ರಲ್ಲಿ ರಾಜ್ಯದಾದ್ಯಂತ ಹುಡುಗಿಯರಿಗೆ ನೀಡಿತು. ದೇಶೀಯವಾಗಿ ತಯಾರಾದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಸಹಯೋಗದಿಂದ ಬೆಳೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ.

ಇಂದಿನ ಸ್ಥಿತಿ

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಕ್ಯಾನ್ಸರ್‌ಗಾಗಿ ಜಾಗತಿಕ ಯೋಜನೆಯೊಂದನ್ನು ಆರಂಭಿಸಿ, 2030ರೊಳಗೆ ಕನಿಷ್ಠ ನೂರಕ್ಕೆ 60 ಮಕ್ಕಳು ಬದುಕುಳಿಯುವಂತೆ ಮಾಡುವ ಗುರಿಯಿಟ್ಟುಕೊಂಡಿದೆ. ಅದು ಮಾದರಿಯಾಗಿ ಆರಿಸಿಕೊಂಡ ಆರು ಕ್ಯಾನ್ಸರ್‌ಗಳಲ್ಲಿ ಬರ್ಕಿಟ್ ಮತ್ತು ಹಾಜ್ಕಿನ್ ಲಿಂಫೋಮಗಳು ಸೇರಿವೆ. ಆಫ್ರಿಕದ ಹಲವೆಡೆ ಬರ್ಕಿಟ್ ಲಿಂಫೋಮದಿಂದ ಗುಣವಾಗುವವರು ಇನ್ನೂ ಅರ್ಧಕ್ಕಿಂತ ಕಡಮೆ. ತಡವಾದ ರೋಗನಿದಾನ, ಔಷಧಗಳ ಕೊರತೆ ಮತ್ತು ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಇದಕ್ಕೆ ಕಾರಣಗಳು.

ಎಪ್‌ಸ್ಟೀನ್-ಬಾರ್ ವೈರಸ್‌ಗೆ ಲಸಿಕೆ ಬಂದಿಲ್ಲ. ವೈರಸ್‌ನ ಹೊರಕವಚದ ಜಿಪಿ350 ಪ್ರೋಟೀನಿನಿಂದ ತಯಾರಿಸಿದ ಲಸಿಕೆ ಗ್ರಂಥಿಜ್ವರವನ್ನು ತಗ್ಗಿಸಿತೇ ಹೊರತು ಸೋಂಕನ್ನು ತಡೆಯಲಿಲ್ಲವೆಂದು 2007ರಲ್ಲಿ ಗೊತ್ತಾಯಿತು. ಅದೇ ಪ್ರೋಟೀನನ್ನು ನ್ಯಾನೊಕಣಗಳಲ್ಲಿ ಅಳವಡಿಸಿದ ಲಸಿಕೆಯ ಮಾನವ ಪ್ರಯೋಗವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2022ರಲ್ಲಿ ಆರಂಭಿಸಿದವು. ಎಂಆರ್‌ಎನ್‌ಎ ಮಾದರಿಯ ಲಸಿಕೆಗಳೂ ಪ್ರಯೋಗದ ಹಂತಕ್ಕೆ ಬಂದಿವೆ. ಬಡ ದೇಶಗಳಲ್ಲಿ ಸೋಂಕು ಶೈಶವದಲ್ಲಿಯೇ ತಗಲುವುದರಿಂದ ಇಂಥ ಲಸಿಕೆಯನ್ನು ಹುಟ್ಟಿದ ಕೆಲವೇ ತಿಂಗಳಲ್ಲಿ ಕೊಡಬೇಕಾಗುತ್ತದೆ. ವೈರಸ್‌ನಿಂದ ಬರುವ ಮಕ್ಕಳ ಕ್ಯಾನ್ಸರ್‌ಗಳಲ್ಲಿ ಲಸಿಕೆಯಿಂದ ತಡೆಯಲು ಸಾಧ್ಯವೆಂದು ಈವರೆಗೆ ಸಿದ್ಧವಾಗಿರುವುದು ಹೆಪಟೈಟಿಸ್ ಬಿ ತರುವ ಯಕೃತ್ತಿನ ಕ್ಯಾನ್ಸರ್ ಒಂದೇ.